ಮಹಾಪಧಮನಿಯ ಉಬ್ಬು ಮನೆತನದಲ್ಲಿದೆಯೆ? ಜೀನ್ ಪರೀಕ್ಷೆ ಯಾರಿಂದ ಶುರು, ವರದಿ ಓದುವುದು ಹೇಗೆ

ಅಪ್ಪನ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ, ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ (ಅಯೋರ್ಟಾ) ಬುಡ 4.6 ಸೆಂ.ಮೀ.ಗೆ ಉಬ್ಬಿದೆ ಅಂತ ಬರುತ್ತದೆ. ಗಾಬರಿಯಲ್ಲಿ ಮರುವಾರವೇ ಮಕ್ಕಳಿಬ್ಬರ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸುತ್ತಾರೆ. "ಏನೂ ಸಿಕ್ಕಿಲ್ಲ" ಅಂತ ವರದಿ ಬಂದರೆ ಎಲ್ಲರೂ ನಿರಾಳ. ಈ ಕ್ರಮ ತಿರುಗುಮುರುಗಾದದ್ದು, ಆ ನಿರಾಳಕ್ಕೂ ಆಧಾರವಿಲ್ಲ. ಅಪ್ಪನಲ್ಲಿ ಯಾವ ದೋಷವಿದೆ ಎಂದು ಗೊತ್ತಿಲ್ಲದೆ ಮಕ್ಕಳಲ್ಲಿ ಹುಡುಕಿದ್ದು ಏನನ್ನು? ಅಪ್ಪನ ದೋಷ ಇಂದಿನ ಪರೀಕ್ಷೆಗೆ ಕಾಣದಂಥದ್ದೇ ಇರಬಹುದು, ಮಕ್ಕಳಿಗೆ ಅದು ಬಂದೂ ಇರಬಹುದು. ಹಾಗಾಗಿ ಮೊದಲು ರಕ್ತ ಕೊಡಬೇಕಾದವರು ಉಬ್ಬು ಇರುವವರು. ಉಳಿದವರಿಗೆ ಮೊದಲು ಆಗಬೇಕಾದದ್ದು ಎಕೋ, ಅದೂ ಜೀನ್ ವರದಿಗೆ ಕಾಯದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಎದೆಯ ಭಾಗದ ಮಹಾಪಧಮನಿ, ಮುಖ್ಯವಾಗಿ ಹೃದಯದಿಂದ ಹೊರಡುವ ಬುಡ ಮತ್ತು ಅದರ ಮೇಲಿನ ಏರುಭಾಗ, ಉಬ್ಬಿದ್ದರೆ ಅಥವಾ ಅದರ ಒಳಪದರ ಸೀಳಿದ್ದರೆ ಮೂರು ಪ್ರಶ್ನೆ ಕೇಳಿ. ವಯಸ್ಸು 60ಕ್ಕಿಂತ ಕಡಿಮೆಯೆ? ಒಡಹುಟ್ಟಿದವರು, ಹೆತ್ತವರು, ಮಕ್ಕಳಲ್ಲಿ ಇನ್ನೊಬ್ಬರಿಗೆ ಇದೇ ತೊಂದರೆ ಅಥವಾ ಕಾರಣ ತಿಳಿಯದ ಹಠಾತ್ ಸಾವು ಆಗಿದೆಯೆ? ಮೈಮೇಲೆ ಕೆಳಗೆ ಹೇಳುವ ಗುರುತುಗಳಿವೆಯೆ? ಒಂದಕ್ಕೆ ಹೌದು ಎಂದರೂ ಜೀನ್ ಪ್ಯಾನೆಲ್ (ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ಪರೀಕ್ಷೆ) ಮಾಡಿಸುವುದಕ್ಕೆ ಅರ್ಥವಿದೆ. ಎದೆಯ ಉಬ್ಬು ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಕುಟುಂಬದ ಇತಿಹಾಸ ಇರುತ್ತದೆ.

ಎಪ್ಪತ್ತು ದಾಟಿದ, ವರ್ಷಗಟ್ಟಲೆ ಬೀಡಿ ಸೇದಿದ ಅಜ್ಜನ ಹೊಟ್ಟೆಯ ಮಹಾಪಧಮನಿ 3 ಸೆಂ.ಮೀ. ಮೀರಿದ್ದರೆ ಅದರ ದಾರಿ ಬೇರೆ. ಹೊಗೆ, ಬಿಪಿ, ವಯಸ್ಸು, ಜೊತೆಗೆ ಒಂದೊಂದೂ ಸ್ವಲ್ಪಸ್ವಲ್ಪ ತಳ್ಳುವ ಹತ್ತಾರು ಜೀನ್‌ಗಳು ಸೇರಿ ಆಗುವ ಕಾಯಿಲೆ ಅದು. ಅಲ್ಲಿ ಪ್ಯಾನೆಲ್ ಮಾಡಿಸಿದರೆ ಸಾಮಾನ್ಯವಾಗಿ ದುಡ್ಡು ದಂಡ. ಅವರ ತಮ್ಮಂದಿರಿಗೂ ವಯಸ್ಸಾದ ಮಕ್ಕಳಿಗೂ ಒಂದು ಸಲ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ, ಬೀಡಿ ಬಿಡಿಸಿದರೆ ಹೆಚ್ಚು ಪ್ರಯೋಜನ. ಇನ್ನೊಂದು ಎಚ್ಚರ: ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಒಂದು ಕೈಯ ನಾಡಿ ಸಿಗದೆ, ಇಎಸ್ಆರ್ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಏರಿ, ಮಹಾಪಧಮನಿಯೂ ಹಿಗ್ಗಿದ್ದರೆ ಅದು ಟಕಾಯಾಸು ಎಂಬ ಉರಿಯೂತದ ಕಾಯಿಲೆ ಇರಬಹುದು. ನಮ್ಮ ದೇಶದಲ್ಲಿ ಅದು ಅಪರೂಪವೇನಲ್ಲ. ಅದನ್ನು ಜೀನ್ ಲ್ಯಾಬಿಗೆ ಕಳಿಸುತ್ತ ಕೂತರೆ ಚಿಕಿತ್ಸೆ ತಡವಾಗುತ್ತದೆ.

ವಂಶವೃಕ್ಷ

ಮೂರು ತಲೆಮಾರು ಬರೆಯಿರಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರ ಮೇಲೆ ಓರೆಗೆರೆ. "ಯಾರಿಗಾದರೂ ಅನ್ಯೂರಿಸಂ (ನಾಳದ ಉಬ್ಬು) ಇತ್ತಾ?" ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ, ಏಕೆಂದರೆ ಆ ಹೆಸರು ಯಾರೂ ಕೇಳಿಲ್ಲ. ಕೇಳಬೇಕಾದ ರೀತಿ ಬೇರೆ. ಐವತ್ತರೊಳಗೆ "ಹಾರ್ಟ್ ಅಟ್ಯಾಕ್" ಆಗಿ ದಾರಿಯಲ್ಲೇ ಹೋದವರು ಯಾರು? ಬಾಣಂತನದಲ್ಲಿ ಎದೆನೋವು ಅಂತ ತೀರಿಕೊಂಡ ಚಿಕ್ಕಮ್ಮ, ದೊಡ್ಡಮ್ಮ ಇದ್ದರೆ? ಮೂವತ್ತರ ಆಸುಪಾಸಿನಲ್ಲಿ ಲಕ್ವ ಹೊಡೆದವರು? ಚಿಕ್ಕಂದಿನಲ್ಲೇ ಕಣ್ಣಿನ ಲೆನ್ಸ್ ಜಾರಿ ಆಪರೇಷನ್ ಆದವರು? ಶ್ವಾಸಕೋಶ ಒಡೆದು ಎದೆಗೆ ಕೊಳವೆ ಹಾಕಿಸಿಕೊಂಡವರು? ಪ್ರತಿಯೊಬ್ಬರ ವಯಸ್ಸನ್ನೂ ಬರೆಯಿರಿ, "ಸಣ್ಣ ವಯಸ್ಸು" ಅಂತ ಬರೆದರೆ ಉಪಯೋಗವಿಲ್ಲ.

ಸಂಬಂಧದೊಳಗಿನ ಮದುವೆಗಳನ್ನು ಎರಡು ಗೆರೆ ಎಳೆದು ತೋರಿಸಿ. ಪ್ರತಿ ಜೀನಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿ ಇರುತ್ತವೆ. ಈ ಕಾಯಿಲೆಗಳಲ್ಲಿ ಹೆಚ್ಚಿನವು ಒಂದೇ ಪ್ರತಿ ಕೆಟ್ಟರೂ ಬರುವಂಥವು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ದೋಷವಿರುವ ಸೋದರಮಾವ ಅದೇ ದೋಷವಿರುವ ಅಕ್ಕನ ಮಗಳನ್ನು ಮದುವೆಯಾದರೆ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಎರಡೂ ಪ್ರತಿಗಳು ಕೆಟ್ಟು ಬರುವ ಸಾಧ್ಯತೆ ಇದೆ, ಆಗ ಕಾಯಿಲೆ ಬಹಳ ತೀವ್ರ. ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ರೂಪಗಳೂ ಇವೆ. ಫಿಬ್ಯುಲಿನ್-4 ಎಂಬ ಪ್ರೋಟೀನಿನ ಒಂದೇ ಬದಲಾವಣೆಯಿಂದ ಮಹಾಪಧಮನಿ ವಿಪರೀತ ಉಬ್ಬಿದ 22 ಶಿಶುಗಳನ್ನು ಕೇರಳದ ವೈದ್ಯರು 2012ರಲ್ಲಿ ವರದಿ ಮಾಡಿದ್ದರು. ಹೆತ್ತವರು ಆರೋಗ್ಯವಾಗಿದ್ದಾರೆ ಎಂಬುದು ಅಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಟೇಪು, ಗೋಡೆ, ಟಾರ್ಚು

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಎತ್ತರ ಅಳೆಯಿರಿ. ಎರಡೂ ತೋಳು ಚಾಚಿಸಿ ನಡುಬೆರಳಿನ ತುದಿಯಿಂದ ತುದಿಗೆ ಅಳೆಯಿರಿ. ತೋಳಳತೆಯನ್ನು ಎತ್ತರದಿಂದ ಭಾಗಿಸಿದರೆ 1.05 ಮೀರಬಾರದು, 170 ಸೆಂ.ಮೀ. ಎತ್ತರದವರಿಗೆ 178.5 ದಾಟಿದರೆ ಗಮನಿಸಿ. ಬೆನ್ನು ಸೊಟ್ಟಗಿದ್ದರೆ ಎತ್ತರ ಕಡಿಮೆ ಬಂದು ಲೆಕ್ಕ ತಪ್ಪುತ್ತದೆ. ಒಂದು ಕೈಯ ಹೆಬ್ಬೆರಳು ಮತ್ತು ಕಿರುಬೆರಳಿನಿಂದ ಇನ್ನೊಂದು ಕೈಯ ಮಣಿಕಟ್ಟು ಸುತ್ತಿದಾಗ ಹೆಬ್ಬೆರಳು ಕಿರುಬೆರಳಿನ ಉಗುರನ್ನು ಪೂರ್ತಿ ಮುಚ್ಚಿದರೆ ಅದು ಮಣಿಕಟ್ಟಿನ ಗುರುತು. ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿದಾಗ ಅದರ ಉಗುರಿನ ಭಾಗ ಇಡಿಯಾಗಿ ಅಂಗೈಯ ಆಚೆ ಬದಿಗೆ ಹೊರಬಂದರೆ ಹೆಬ್ಬೆರಳಿನ ಗುರುತು. ಮೂಳೆ, ಕಣ್ಣು, ಮಹಾಪಧಮನಿಗಳನ್ನು ಬಾಧಿಸುವ ಮಾರ್ಫಾನ್ ಎಂಬ ಆನುವಂಶಿಕ ಕಾಯಿಲೆಯ 2010ರ ಮಾನದಂಡದಲ್ಲಿ ಈ ಎರಡೂ ಇದ್ದರೆ 3 ಅಂಕ, ಒಂದೇ ಇದ್ದರೆ 1. ಎದೆಮೂಳೆ ಮುಂದಕ್ಕೆ ಚಾಚಿದ್ದರೆ 2, ಒಳಗೆ ಕುಸಿದಿದ್ದರೆ 1, ಚಪ್ಪಟೆ ಪಾದಕ್ಕೆ 1, ಮೈನಸ್ 3ಕ್ಕಿಂತ ಹೆಚ್ಚಿನ ಸಮೀಪದೃಷ್ಟಿಗೆ 1. ಒಟ್ಟು 20ರಲ್ಲಿ 7 ಬಂದರೆ ದೇಹದ ಲಕ್ಷಣ ಸಾಕಷ್ಟಿದೆ ಎಂದು ಲೆಕ್ಕ. ಉದ್ದ, ತೆಳ್ಳಗೆ ಇರುವವರಿಗೆಲ್ಲ ಮಾರ್ಫಾನ್ ಹಣೆಪಟ್ಟಿ ಹಚ್ಚಬೇಡಿ, ವಾಲಿಬಾಲ್ ತಂಡದ ಅರ್ಧ ಜನಕ್ಕೆ ಮೂರು ಅಂಕ ಬಂದುಬಿಡುತ್ತದೆ.

ಬಾಯಿ ತೆರೆಸಿ ಟಾರ್ಚು ಬಿಡಿ. ಕಿರುನಾಲಿಗೆ ಎರಡಾಗಿ ಸೀಳಿದ್ದರೆ, ಕಣ್ಣುಗಳ ನಡುವಿನ ಅಂತರವೂ ಹೆಚ್ಚಿದ್ದರೆ ಲೋಯ್ಸ್-ಡೀಟ್ಸ್ ಎಂಬ ಇನ್ನೊಂದು ಆನುವಂಶಿಕ ಕಾಯಿಲೆಯ ಅನುಮಾನ ಬರಬೇಕು. ಎದೆಯ ಚರ್ಮ ತೆಳುವಾಗಿ ಒಳಗಿನ ರಕ್ತನಾಳ ಕಾಣುತ್ತಿದ್ದು, ಸುಮ್ಮನೆ ತಾಗಿದರೂ ನೀಲಿಗಟ್ಟುತ್ತಿದ್ದರೆ ರಕ್ತನಾಳದ ಏಲರ್ಸ್-ಡಾನ್ಲೋಸ್ ಎಂಬ ಕಾಯಿಲೆಯ ಅನುಮಾನ. ತೋಳು, ತೊಡೆಯ ಮೇಲೆ ಬಲೆಯ ಹಾಗೆ ನೇರಳೆ ಗೆರೆಗಳಿದ್ದರೆ ಎಸಿಟಿಎ2 ಎಂಬ ಜೀನಿನ ದೋಷ ನೆನಪಿರಲಿ.

ಕಣ್ಣನ್ನು ಮಾತ್ರ ನೇತ್ರವೈದ್ಯರು ಪಾಪೆ ಹಿಗ್ಗಿಸಿಯೇ ನೋಡಬೇಕು. ಲೆನ್ಸ್ ಮೇಲಕ್ಕೆ ಜಾರಿದ್ದರೆ ಸಾಮಾನ್ಯವಾಗಿ ಮಾರ್ಫಾನ್. ಕೆಳಕ್ಕೆ ಜಾರಿದ್ದರೆ ಹೋಮೋಸಿಸ್ಟಿನ್ಯೂರಿಯಾ ಇರಬಹುದು. ಮೈಕಟ್ಟು ಒಂದೇ ಥರ, ಕಾಯಿಲೆ ಬೇರೆ. ಅದರಲ್ಲಿ ಅಪಾಯ ರಕ್ತ ಹೆಪ್ಪುಗಟ್ಟುವುದರಿಂದ, ಮತ್ತು ಕೆಲವರಿಗೆ ಬಿ6 ವಿಟಮಿನ್‌ನಿಂದಲೇ ಗುಣ ಕಾಣುತ್ತದೆ. ರಕ್ತದಲ್ಲಿ ಹೋಮೋಸಿಸ್ಟೀನ್ ನೋಡಿಸಿದರೆ ಗೊತ್ತಾಗುತ್ತದೆ, ಜೀನ್ ಪ್ಯಾನೆಲ್‌ಗಿಂತ ಎಷ್ಟೋ ಅಗ್ಗ.

ಅಳತೆಯಲ್ಲೇ ಎಡವುವುದು

ಎಕೋ ಮಾಡಿಸುವಾಗ "ಮಹಾಪಧಮನಿ ನಾರ್ಮಲ್" ಎಂಬ ಒಂದು ಸಾಲು ಸಾಲದು. ಕವಾಟದ ಉಂಗುರ, ಸೈನಸ್ (ಕವಾಟದ ಮೇಲೆ ಬುಡ ಅಗಲವಾಗಿರುವ ಭಾಗ), ಸೈನಸ್ ಮುಗಿದು ಕೊಳವೆ ಶುರುವಾಗುವ ಜಾಗ, ಏರುಭಾಗ ಎಂದು ನಾಲ್ಕು ಕಡೆಯ ಅಳತೆ ಬರೆಸಿಕೊಳ್ಳಿ. ಮಾರ್ಫಾನ್‌ನಲ್ಲಿ ಮೊದಲು ಉಬ್ಬುವುದು ಸೈನಸ್. ಕವಾಟಕ್ಕೆ ಮೂರರ ಬದಲು ಎರಡೇ ಎಸಳು ಇರುವವರಲ್ಲಿ ಅನೇಕ ಸಲ ಅದಕ್ಕಿಂತ ಮೇಲಿನ ಏರುಭಾಗ, ಅದು ಎಕೋ ಕಿಟಕಿಗೆ ಪೂರ್ತಿ ಕಾಣದೆ ತಪ್ಪಿಸಿಕೊಳ್ಳುತ್ತದೆ. ದೊಡ್ಡವರಲ್ಲಿ ಹೃದಯ ಹಿಗ್ಗಿದ ಕೊನೆಯ ಕ್ಷಣದಲ್ಲಿ, ಮೇಲಿನ ಅಂಚಿನಿಂದ ಮೇಲಿನ ಅಂಚಿಗೆ ಅಳೆಯುವುದು ರೂಢಿ. ಮಕ್ಕಳಲ್ಲಿ ರೂಢಿ ಬೇರೆ, ಒಳಗಿನಿಂದ ಒಳಕ್ಕೆ. ಈ ವರ್ಷ ಒಂದು ರೀತಿ, ಮುಂದಿನ ವರ್ಷ ಇನ್ನೊಂದು ರೀತಿ ಅಳೆದರೆ 2–3 ಮಿ.ಮೀ. ಸುಮ್ಮನೆ ಏರಿಳಿಯುತ್ತದೆ, "ಬೆಳೆದುಬಿಟ್ಟಿದೆ" ಎಂಬ ಭಯಕ್ಕೆ ಅನೇಕ ಸಲ ಇದೇ ಕಾರಣ. ಸಾಧ್ಯವಾದರೆ ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ ಮಾಡಿಸಿ, ಹಳೆಯ ಚಿತ್ರಗಳನ್ನು ಜೊತೆಗೆ ಒಯ್ಯಿರಿ. ಸಿಟಿ ಸ್ಕ್ಯಾನಿನಲ್ಲಿ ನಾಳದ ದಿಕ್ಕಿಗೆ ಲಂಬವಾಗಿ ಕತ್ತರಿಸಿ ಅಳೆಯಬೇಕು. ಓರೆಯಾಗಿ ಕತ್ತರಿಸಿದ ಸೌತೆಕಾಯಿ ಹೋಳು ಅಗಲ ಕಾಣುವ ಹಾಗೆ, ಓರೆ ಕತ್ತರಿಕೆಯಲ್ಲಿ ಮಹಾಪಧಮನಿಯೂ ದಪ್ಪ ಕಾಣುತ್ತದೆ.

ಬರೀ ಸೆಂಟಿಮೀಟರ್ ನೋಡಿದರೆ ಮಕ್ಕಳು ಮತ್ತು ಕುಳ್ಳಗಿರುವ ಹೆಂಗಸರ ವಿಷಯದಲ್ಲಿ ಮೋಸಹೋಗುತ್ತೀರಿ. ಅದಕ್ಕೇ ಝಡ್ ಅಂಕ, ಅಂದರೆ ಅದೇ ಮೈಗಾತ್ರದವರ ಸರಾಸರಿಯಿಂದ ನಿಮ್ಮ ಅಳತೆ ಎಷ್ಟು ವಿಚಲನದಷ್ಟು ದೂರವಿದೆ ಎಂಬ ಲೆಕ್ಕ. ಮೊದಲು ಮೈಯ ವಿಸ್ತೀರ್ಣ: ಎತ್ತರವನ್ನು (ಸೆಂ.ಮೀ.) ತೂಕದಿಂದ (ಕೆಜಿ) ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 175 ಸೆಂ.ಮೀ., 52 ಕೆಜಿ ಇದ್ದವರಿಗೆ 1.59 ಚದರ ಮೀಟರ್. ಆ ಮೈಗೆ, ಆ ವಯಸ್ಸಿಗೆ ಕೋಷ್ಟಕದ ಸರಾಸರಿ ಉದಾಹರಣೆಗೆ 3.0, ವಿಚಲನ 0.3 ಎಂದಿಟ್ಟುಕೊಳ್ಳಿ; ನಿಮ್ಮ ಅಳತೆ 3.8 ಇದ್ದರೆ (3.8 – 3.0) ÷ 0.3, ಝಡ್ 2.7. ಎರಡು ದಾಟಿದರೆ ಹಿಗ್ಗಿದೆ ಎಂದರ್ಥ. "3.8 ತಾನೆ, 4 ಆಗಿಲ್ಲವಲ್ಲ" ಎಂದು ಕಳಿಸಿಬಿಡುವ ಪ್ರಸಂಗ ಇಲ್ಲೇ ಆಗುವುದು.

ದೊಡ್ಡವರಿಗೆ ಇನ್ನೊಂದು ಲೆಕ್ಕ ಉಪಯುಕ್ತ. ನಾಳದ ಅಡ್ಡಕೊಯ್ತದ ವಿಸ್ತೀರ್ಣವನ್ನು (ಚದರ ಸೆಂ.ಮೀ.) ಎತ್ತರದಿಂದ (ಮೀಟರ್) ಭಾಗಿಸಿ. 4.5 ಸೆಂ.ಮೀ. ವ್ಯಾಸದ ವಿಸ್ತೀರ್ಣ 15.9. 1.80 ಮೀಟರ್ ಎತ್ತರದ ಗಂಡಸಿಗೆ ಉತ್ತರ 8.8. 1.52 ಮೀಟರ್ ಎತ್ತರದ ಹೆಂಗಸಿಗೆ 10.5. ಹತ್ತು ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಮಾತು ಎತ್ತಬೇಕು ಎನ್ನುತ್ತದೆ 2022ರ ಅಮೆರಿಕದ ಮಾರ್ಗಸೂಚಿ. ವ್ಯಾಸ ಒಂದೇ, ನಿರ್ಧಾರ ಬೇರೆ.

ರಕ್ತ ಕೊಡುವ ಮುನ್ನ

ಬೇಕಾಗುವುದು ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ 3–5 ಮಿ.ಲೀ. ರಕ್ತ. ಉಪವಾಸ ಬೇಡ. ಇತ್ತೀಚೆಗೆ ಬೇರೆಯವರ ರಕ್ತ ಹಾಕಿಸಿಕೊಂಡಿದ್ದರೆ, ಅಸ್ಥಿಮಜ್ಜೆ ಕಸಿಯಾಗಿದ್ದರೆ ಮೊದಲೇ ಹೇಳಿ. ಎದೆಯ ಮಹಾಪಧಮನಿಯ ಪ್ಯಾನೆಲ್ ಕೇಳುವಾಗ ಕನಿಷ್ಠ ಈ ಜೀನ್‌ಗಳಿವೆಯೇ ನೋಡಿ: ಎಫ್‌ಬಿಎನ್1 (ಫಿಬ್ರಿಲಿನ್-1ರ ಜೀನ್, ಮಾರ್ಫಾನ್‌ಗೆ), ಟಿಜಿಎಫ್‌ಬಿಆರ್1, ಟಿಜಿಎಫ್‌ಬಿಆರ್2, ಸ್ಮ್ಯಾಡ್3, ಟಿಜಿಎಫ್‌ಬಿ2 (ಈ ನಾಲ್ಕೂ ಲೋಯ್ಸ್-ಡೀಟ್ಸ್‌ಗೆ), ಸಿಒಎಲ್3ಎ1 (ಕೊಲ್ಯಾಜೆನ್‌ನ ಜೀನ್, ರಕ್ತನಾಳದ ಏಲರ್ಸ್-ಡಾನ್ಲೋಸ್‌ಗೆ), ಎಸಿಟಿಎ2, ಎಂವೈಎಚ್11, ಎಂವೈಎಲ್‌ಕೆ, ಪಿಆರ್‌ಕೆಜಿ1, ಲಾಕ್ಸ್. ಪಟ್ಟಿ ಉದ್ದವಿದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ನೂರು ಜೀನ್ ನೋಡಿದರೆ ಅರ್ಥವಾಗದ ಫಲಿತಾಂಶಗಳು ಹೆಚ್ಚುತ್ತವೆ, ಉತ್ತರಗಳು ಅಷ್ಟೇನೂ ಹೆಚ್ಚುವುದಿಲ್ಲ. ಜೀನಿನ ಒಂದು ತುಂಡೇ ಕಳೆದುಹೋಗಿರುವುದನ್ನು ಅಥವಾ ಇಮ್ಮಡಿಯಾಗಿರುವುದನ್ನು ಪ್ಯಾನೆಲ್ ಪತ್ತೆ ಮಾಡುತ್ತದೆಯೆ ಎಂದು ಕೇಳಿ. ಇಲ್ಲವಾದರೆ, ಲಕ್ಷಣ ಸ್ಪಷ್ಟವಿದ್ದೂ ಏನೂ ಸಿಗದಿದ್ದಾಗ ಎಂಎಲ್‌ಪಿಎ ಎಂಬ ಇನ್ನೊಂದು ಪರೀಕ್ಷೆ ಬೇಕಾಗುತ್ತದೆ.

ಕಾಗದದ ಜೊತೆ ವಂಶವೃಕ್ಷ, ಎಕೋ ಅಳತೆ, ಕಣ್ಣಿನ ವರದಿ ಕಳಿಸಿ. ಖಾಲಿ ಫಾರಂ ಕಳಿಸಿದರೆ ವಿಶ್ಲೇಷಣೆ ಮಾಡುವವರು ಕತ್ತಲಲ್ಲಿ ತಡಕಾಡುತ್ತಾರೆ. ಪರೀಕ್ಷೆಗೆ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿಕೊಳ್ಳಿ. ಕರ್ನಾಟಕದಲ್ಲಿ ಮಣಿಪಾಲದ ಕೆಎಂಸಿಯ ಮೆಡಿಕಲ್ ಜೆನೆಟಿಕ್ಸ್ ವಿಭಾಗ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇಂಥ ಕೆಲಸಕ್ಕೆಂದೇ ಇವೆ.

ವರದಿಯನ್ನು ಓದುವುದು

ಮಹಾಪಧಮನಿಯ ಗೋಡೆಯನ್ನು ನೇಯ್ದ ಬಟ್ಟೆ ಎಂದುಕೊಂಡರೆ ಮುಂದಿನದು ಸುಲಭ. ಎಲಾಸ್ಟಿನ್ ಹಾಳೆಗಳು ಹಿಗ್ಗಿ ಕುಗ್ಗುತ್ತವೆ. ಫಿಬ್ರಿಲಿನ್-1ರ ಎಳೆಗಳು ಆ ಹಾಳೆಗಳನ್ನು ಸ್ನಾಯುಕೋಶಗಳಿಗೆ ಕಟ್ಟಿಹಾಕುತ್ತವೆ. ಮೂರನೆಯ ಮಾದರಿಯ ಕೊಲ್ಯಾಜೆನ್ ಹರಿಯದಂತೆ ತಡೆಯುವ ಹುರಿ. ಸ್ನಾಯುಕೋಶದೊಳಗೆ ಆಕ್ಟಿನ್, ಮಯೋಸಿನ್ ಸೇರಿ ಪ್ರತಿ ಬಡಿತಕ್ಕೂ ಎಳೆತವನ್ನು ತಾಳುತ್ತವೆ. ಟಿಜಿಎಫ್-ಬೀಟಾ ಎಂಬ ಸಂಕೇತ ಯಾವಾಗ ಎಷ್ಟು ದುರಸ್ತಿ ಆಗಬೇಕು ಎಂದು ಹೇಳುತ್ತದೆ. ಯಾವ ಎಳೆ ಕೆಟ್ಟಿದೆ ಎಂಬುದು ಜೀನಿನ ಹೆಸರಿನಿಂದ ಗೊತ್ತಾಗುತ್ತದೆ. ಹೇಗೆ ಕೆಟ್ಟಿದೆ ಎಂಬುದು ಅದರ ಪಕ್ಕದ ಸಂಕೇತದಲ್ಲಿದೆ, ಹೆಚ್ಚಿನವರು ಓದದೆ ಬಿಡುವುದು ಅದನ್ನೇ.

"ಸಿ." ಎಂದು ಶುರುವಾಗುವುದು ಡಿಎನ್ಎಯ ಜಾಗ, "ಪಿ." ಎಂದು ಶುರುವಾಗುವುದು ಪ್ರೋಟೀನಿನಲ್ಲಿ ಆದ ಬದಲಾವಣೆ. ಎಸಿಟಿಎ2, "ಪಿ.ಆರ್ಗ್258ಸಿಸ್" ಎಂದಿದ್ದರೆ ಸ್ನಾಯುವಿನ ಆಕ್ಟಿನ್‌ನಲ್ಲಿ 258ನೆಯ ಸ್ಥಾನದ ಆರ್ಜಿನೀನ್ ಎಂಬ ಅಮೈನೋ ಆಮ್ಲದ (ಪ್ರೋಟೀನ್ ಸರಪಳಿಯ ಕೊಂಡಿ) ಜಾಗಕ್ಕೆ ಸಿಸ್ಟೀನ್ ಎಂಬ ಇನ್ನೊಂದು ಬಂದಿದೆ. ಇದು ಮಹಾಪಧಮನಿ ಸೀಳುವುದರ ಜೊತೆಗೆ ಚಿಕ್ಕ ವಯಸ್ಸಿನ ಲಕ್ವಕ್ಕೂ ಕಾರಣವಾಗುವ ಬದಲಾವಣೆ. ಕೊನೆಯಲ್ಲಿ ನಕ್ಷತ್ರ ಅಥವಾ "ಟರ್" ಇದ್ದರೆ ಪ್ರೋಟೀನ್ ಅರ್ಧದಲ್ಲೇ ನಿಂತಿದೆ. "ಎಫ್ಎಸ್" ಇದ್ದರೆ ಓದುವ ಚೌಕಟ್ಟೇ ಸರಿದು, ಮುಂದೆಲ್ಲ ಅರ್ಥವಿಲ್ಲದ ಪಾಠ.

ಈಗ ಮುಖ್ಯ ವಿಷಯ. ಪ್ರೋಟೀನ್ ಅರ್ಧಕ್ಕೆ ನಿಲ್ಲುವುದು ಎಲ್ಲ ಜೀನಿನಲ್ಲೂ ಒಂದೇ ಥರದ ಕೆಡುಕಲ್ಲ. ಫಿಬ್ರಿಲಿನ್-1ರಲ್ಲಿ 2871 ಅಮೈನೋ ಆಮ್ಲಗಳಿವೆ, ಒಂದೇ ಅಚ್ಚಿನ 47 ಗಂಟುಗಳಿವೆ, ಪ್ರತಿ ಗಂಟನ್ನೂ ಆರು ಸಿಸ್ಟೀನ್‌ಗಳು ಮೂರು ಜೋಡಿಯಾಗಿ ಬಿಗಿದಿರುತ್ತವೆ. ಒಂದು ಸಿಸ್ಟೀನ್ ಹೋದರೆ ಒಂದು ಜೋಡಿ ಬಿಚ್ಚಿಕೊಂಡು ಗಂಟು ಸಡಿಲ. ಇಂಥವರಲ್ಲಿ ಕಣ್ಣಿನ ಲೆನ್ಸ್ ಜಾರುವುದು ಹೆಚ್ಚು. ಅರ್ಧಕ್ಕೆ ನಿಲ್ಲುವ ಬದಲಾವಣೆಯಲ್ಲಿ ಕೆಟ್ಟ ಪ್ರೋಟೀನ್ ತಯಾರೇ ಆಗುವುದಿಲ್ಲ, ಆದರೆ ಒಟ್ಟು ಪ್ರಮಾಣ ಅರ್ಧಕ್ಕಿಳಿಯುತ್ತದೆ. ಇವರಲ್ಲಿ ಲೆನ್ಸ್ ಸರಿಯಿದ್ದರೂ ಮಹಾಪಧಮನಿಗೆ ಅಪಾಯ ಜಾಸ್ತಿ. ಕಣ್ಣು ಚೆನ್ನಾಗಿದೆ ಎಂದು ಎಕೋ ಮುಂದೂಡಬಾರದು ಎನ್ನುವುದು ಇದಕ್ಕೇ.

ಕೊಲ್ಯಾಜೆನ್‌ನಲ್ಲಿ ಲೆಕ್ಕ ಉಲ್ಟಾ. ಅದರ ಸರಪಳಿಯಲ್ಲಿ ಪ್ರತಿ ಮೂರನೆಯದು ಗ್ಲೈಸಿನ್ ಆಗಿರಲೇಬೇಕು, ಏಕೆಂದರೆ ಮೂರು ಎಳೆ ಹೊಸೆದಾಗ ಒಳಮಗ್ಗುಲಲ್ಲಿ ಹಿಡಿಸುವಷ್ಟು ಸಣ್ಣದು ಅದೊಂದೇ. ಒಂದು ಪ್ರತಿಯಲ್ಲಿ ಗ್ಲೈಸಿನ್ ಬದಲಾಗಿದ್ದರೆ ಅರ್ಧದಷ್ಟು ಎಳೆಗಳು ಕೆಟ್ಟವು. ಮೂರು ಎಳೆಯೂ ಒಳ್ಳೆಯವೇ ಆಗಿ ಹೊಸೆಯುವ ಸಾಧ್ಯತೆ ಎಂಟರಲ್ಲಿ ಒಂದು. ಉಳಿದ ಏಳು ಹುರಿಗಳೂ ಕಳಪೆ. ಅದರ ಬದಲು ಒಂದು ಪ್ರತಿ ಪೂರ್ತಿ ಸುಮ್ಮನಾದರೆ ಹುರಿಗಳು ಅರ್ಧವಾಗುತ್ತವೆ, ಇರುವಷ್ಟು ಗಟ್ಟಿ. ಹಾಗಾಗಿ ಸಿಒಎಲ್3ಎ1ರಲ್ಲಿ ಅರ್ಧಕ್ಕೆ ನಿಂತವರಿಗೆ ತೊಂದರೆ ಬರುವುದು ತಡ, ಗ್ಲೈಸಿನ್ ಬದಲಾದವರಿಗೆ ಬೇಗ.

ಎಂವೈಎಚ್11ರಲ್ಲಿ ಒಂದು ಪ್ರತಿ ಅರ್ಧಕ್ಕೆ ನಿಂತರೆ ಮಹಾಪಧಮನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮಯೋಸಿನ್‌ನ ಬಾಲದ ಕಡ್ಡಿಯಲ್ಲಿ ತುಂಡು ಕಳೆದು, ಚೌಕಟ್ಟು ಸರಿಯದೆ ಉಳಿದ ಬದಲಾವಣೆಗಳೇ ಅಲ್ಲಿ ಅಪಾಯ. ಎಂವೈಎಲ್‌ಕೆಯಲ್ಲಿ ಮತ್ತೆ ಅರ್ಧವಾಗುವುದೇ ಕೆಡುಕು, ಅದರಲ್ಲಿ ನಾಳ ಹೆಚ್ಚು ಉಬ್ಬದೆಯೇ ಸೀಳುವುದುಂಟು. ಪಿಆರ್‌ಕೆಜಿ1ರಲ್ಲಿ 177ನೆಯ ಆರ್ಜಿನೀನ್ ಗ್ಲುಟಮಿನ್ ಆದರೆ ಕಿಣ್ವ ಕೆಲಸ ನಿಲ್ಲಿಸುವುದಿಲ್ಲ, ನಿಲ್ಲಿಸಬೇಕಾದಾಗಲೂ ನಿಲ್ಲಿಸುವುದಿಲ್ಲ, ಅದೇ ತೊಂದರೆ. ಆದ್ದರಿಂದ ವರದಿಯಲ್ಲಿ ಬದಲಾವಣೆಯ ಬಗೆಯೂ ಆ ಜೀನ್ ಕಾಯಿಲೆ ತರುವ ಬಗೆಯೂ ತಾಳೆಯಾಗುತ್ತದೆಯೆ ಎಂದು ಜೆನೆಟಿಕ್ಸ್ ವೈದ್ಯರನ್ನು ನೇರವಾಗಿ ಕೇಳಿ.

ಫಲಿತಾಂಶ ಐದು ದರ್ಜೆಯಲ್ಲಿ ಬರುತ್ತದೆ: ಪ್ಯಾಥೋಜೆನಿಕ್ (ಕಾಯಿಲೆ ತರುವಂಥದ್ದು), ಲೈಕ್ಲಿ ಪ್ಯಾಥೋಜೆನಿಕ್ (ಬಹುಶಃ ತರುವಂಥದ್ದು), ವಿಯುಎಸ್, ಲೈಕ್ಲಿ ಬೆನೈನ್ (ಬಹುಶಃ ನಿರಪಾಯ), ಬೆನೈನ್ (ನಿರಪಾಯ). ಮೊದಲೆರಡರ ಮೇಲೆ ನಿರ್ಧಾರ ತೆಗೆದುಕೊಳ್ಳಬಹುದು. ಮಧ್ಯದ ವಿಯುಎಸ್ ಅಂದರೆ ಅರ್ಥ ಇನ್ನೂ ಗೊತ್ತಾಗದ ಬದಲಾವಣೆ. ದೊಡ್ಡ ಪ್ಯಾನೆಲ್‌ನಲ್ಲಿ ಒಂದೆರಡು ಬರುವುದು ಮಾಮೂಲು. ಜಗತ್ತಿನ ದತ್ತಾಂಶಗಳಲ್ಲಿ ನಮ್ಮವರ ಜೀನೋಮ್ ಕಡಿಮೆ ಇರುವುದರಿಂದ, ನಮ್ಮ ಊರಿನಲ್ಲಿ ಆರೋಗ್ಯವಂತರಲ್ಲೂ ಇರುವ ಬದಲಾವಣೆ "ಎಲ್ಲೂ ಕಂಡಿಲ್ಲದ್ದು" ಎನಿಸಿಕೊಂಡು ವಿಯುಎಸ್ ಆಗುತ್ತದೆ. ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯ 10,000 ಜೀನೋಮ್‌ಗಳಂಥ ಸಂಗ್ರಹ ಇಲ್ಲಿ ಕೆಲಸಕ್ಕೆ ಬರುತ್ತದೆ. ವಿಯುಎಸ್ ಹಿಡಿದುಕೊಂಡು ಆರೋಗ್ಯವಾಗಿರುವ ಮಕ್ಕಳನ್ನು ಪರೀಕ್ಷಿಸಬೇಡಿ, ಬಂದ ಉತ್ತರವನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಉಬ್ಬು ಇರುವ ಇನ್ನೊಬ್ಬ ದೂರದ ಸಂಬಂಧಿ ಸಿಕ್ಕರೆ ಅವರಲ್ಲಿ ನೋಡಿ. ಅವರಲ್ಲಿ ಇಲ್ಲದಿದ್ದರೆ ಅದರ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ. ಎರಡು ವರ್ಷಕ್ಕೊಮ್ಮೆ ಲ್ಯಾಬಿಗೆ ಬರೆದು ದರ್ಜೆ ಬದಲಾಗಿದೆಯೆ ಎಂದು ಕೇಳಿ. ಅವರಾಗಿಯೇ ತಿಳಿಸುತ್ತಾರೆ ಎಂದು ಕಾಯಬೇಡಿ.

ಮನೆಯ ಉಳಿದವರು

ಪ್ಯಾಥೋಜೆನಿಕ್ ಬದಲಾವಣೆ ಸಿಕ್ಕರೆ ಮುಂದಿನದು ಸಲೀಸು. ಹೆತ್ತವರು, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಪೂರ್ತಿ ಪ್ಯಾನೆಲ್ ಬೇಡ, ಆ ಒಂದೇ ಜಾಗ ನೋಡುವ ಸ್ಯಾಂಗರ್ ಪರೀಕ್ಷೆ ಸಾಕು. ಮೊದಲ ವರದಿಯ ಪ್ರತಿಯನ್ನು ಜೊತೆಗೆ ಕೊಡಿ. ಇಲ್ಲ ಎಂದು ಬಂದವರು ಈ ಕಾರಣಕ್ಕಾಗಿ ವರ್ಷವರ್ಷ ಎಕೋ ಮಾಡಿಸಬೇಕಿಲ್ಲ, ಅವರ ಮಕ್ಕಳಿಗೂ ಪರೀಕ್ಷೆ ಬೇಡ. ಈ ಇಡೀ ಖರ್ಚಿನಲ್ಲಿ ದೊಡ್ಡ ಲಾಭ ಇದೇ ಎಂದು ನಮ್ಮ ಅಭಿಪ್ರಾಯ. ಇದೆ ಎಂದು ಬಂದವರಿಗೆ ಈಗೊಂದು ಎಕೋ, ಆರು ತಿಂಗಳಿಗೆ ಇನ್ನೊಂದು, ಸ್ಥಿರವಿದ್ದರೆ ವರ್ಷಕ್ಕೊಂದು. ಮಾರ್ಫಾನ್‌ನಲ್ಲಿ ಸುಮಾರು ಕಾಲುಭಾಗ ಜನರಲ್ಲಿ ದೋಷ ಅವರಿಂದಲೇ ಹೊಸದಾಗಿ ಶುರುವಾಗಿರುತ್ತದೆ. ಹಾಗಾಗಿ ಹೆತ್ತವರಿಬ್ಬರಲ್ಲೂ ಇಲ್ಲದಿದ್ದರೆ ಅಚ್ಚರಿ ಬೇಡ, ಯಾರ ಕಡೆಯಿಂದ ಬಂತು ಎಂಬ ಜಗಳವೂ ಬೇಡ.

ಏನೂ ಸಿಗದಿದ್ದರೆ? ಹಲವರಿಗೆ ಉಬ್ಬು ಇರುವ ಕುಟುಂಬಗಳಲ್ಲೂ ಸುಮಾರು 30 ಪ್ರತಿಶತದಲ್ಲಷ್ಟೇ ಜೀನ್ ಪತ್ತೆಯಾಗುತ್ತದೆ. ಉಳಿದ ಮನೆಗಳಲ್ಲಿ ಹತ್ತಿರದ ರಕ್ತಸಂಬಂಧಿಗಳೆಲ್ಲ ಎಕೋ ಮಾಡಿಸಬೇಕು, ಸರಿಯಿದ್ದರೂ ಸುಮಾರು ಐದು ವರ್ಷಕ್ಕೊಮ್ಮೆ ಮತ್ತೆ.

ಜೀನ್ ತಿಳಿದರೆ ಬದಲಾಗುವುದು

ಜೀನ್ ಕಾರಣವಿಲ್ಲದ ಏರುಭಾಗದ ಉಬ್ಬಿಗೆ ಶಸ್ತ್ರಚಿಕಿತ್ಸೆಯ ಗಡಿ 5.5 ಸೆಂ.ಮೀ., ಅನುಭವಿ ಕೇಂದ್ರಗಳಲ್ಲಿ 5.0. ಮಾರ್ಫಾನ್‌ಗೆ 5.0, ಮನೆಯಲ್ಲಿ ಯಾರಿಗಾದರೂ ಸೀಳಿದ್ದರೆ ಅಥವಾ ಬೇಗ ಬೆಳೆಯುತ್ತಿದ್ದರೆ 4.5. ಎಸಿಟಿಎ2ಗೆ 4.5. ಟಿಜಿಎಫ್‌ಬಿಆರ್1, 2ಕ್ಕೆ 4.5, ಅಪಾಯದ ಲಕ್ಷಣಗಳಿದ್ದರೆ 4.0ರಲ್ಲೇ. ಸಿಒಎಲ್3ಎ1ಕ್ಕೆ ಇಂಥದೇ ಅಂಕಿ ಎಂದಿಲ್ಲ, ಹೊಲಿಗೆಯೇ ಹರಿಯುವಷ್ಟು ನಾಜೂಕಿನ ಗೋಡೆ ಅದು. ಒಂದು ವರ್ಷಕ್ಕೆ 0.5 ಸೆಂ.ಮೀ., ಅಥವಾ ಸತತ ಎರಡು ವರ್ಷ 0.3ರಂತೆ ಬೆಳೆದರೆ ಬೇಗ ಬೆಳೆಯುತ್ತಿದೆ ಎಂದರ್ಥ.

ನೋಡುವ ಜಾಗವೂ ಬದಲಾಗುತ್ತದೆ. ಲೋಯ್ಸ್-ಡೀಟ್ಸ್‌ನಲ್ಲಿ ತಲೆಯಿಂದ ಸೊಂಟದವರೆಗೆ ಎಲ್ಲ ನಾಳಗಳನ್ನೂ ಸಿಟಿ ಅಥವಾ ಎಂಆರ್‌ಐಯಲ್ಲಿ ನೋಡಬೇಕು, ಬರೀ ಎಕೋ ಸಾಲದು. ಎಸಿಟಿಎ2ರಲ್ಲಿ ಮಿದುಳು ಮತ್ತು ಹೃದಯದ ನಾಳಗಳನ್ನೂ.

ಔಷಧದಲ್ಲಿ ಬೀಟಾ ಬ್ಲಾಕರ್ (ಹೃದಯ ಬಡಿತ, ಬಿಪಿ ತಗ್ಗಿಸುವ ಮಾತ್ರೆ, ಅಟೆನೊಲೋಲ್ ಅದರಲ್ಲೊಂದು) ಅಥವಾ ಲೊಸಾರ್ಟನ್ ಎಂಬ ಬಿಪಿ ಮಾತ್ರೆ. ಮಾರ್ಫಾನ್ ಇರುವ 608 ಮಕ್ಕಳು ಮತ್ತು ಯುವಕರಲ್ಲಿ ಅಟೆನೊಲೋಲ್ ಮತ್ತು ಲೊಸಾರ್ಟನ್ ಹೋಲಿಸಿ 2014ರಲ್ಲಿ ಬಂದ ಅಧ್ಯಯನದಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಆಸ್ತಮಾ ಇದ್ದವರಿಗೆ ಬೀಟಾ ಬ್ಲಾಕರ್ ಆಗಿಬರುವುದಿಲ್ಲ. ಬೀಟಾ ಬ್ಲಾಕರನ್ನು ಒಮ್ಮೆಗೇ ನಿಲ್ಲಿಸಬಾರದು. ರಕ್ತನಾಳದ ಏಲರ್ಸ್-ಡಾನ್ಲೋಸ್‌ಗೆ ಸೆಲಿಪ್ರೊಲೋಲ್. 53 ಜನರಲ್ಲಿ ನಡೆದ 2010ರ ಅಧ್ಯಯನ ಅದಕ್ಕೆ ಆಧಾರ. ಬಿಪಿ 130/80ಕ್ಕಿಂತ ಕೆಳಗಿರಲಿ.

ದೂರವಿಡಬೇಕಾದ ಮಾತ್ರೆ ನಮ್ಮಲ್ಲಿ ಮೆಡಿಕಲ್ ಶಾಪಿನ ಕೈಗೆಟಕುವಂಥದ್ದು: ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಬೇಧಿಗೆ ಕೇಳಿದರೆ ಕೊಡುವ ಒಫ್ಲಾಕ್ಸಸಿನ್-ಆರ್ನಿಡಜೋಲ್. ಈ ಗುಂಪಿನ ಆ್ಯಂಟಿಬಯೋಟಿಕ್‌ಗಳು ಮಹಾಪಧಮನಿ ಸೀಳುವ ಅಪಾಯ ಹೆಚ್ಚಿಸಬಹುದು ಎಂದು ಅಮೆರಿಕದ ಎಫ್‌ಡಿಎ 2018ರ ಡಿಸೆಂಬರಿನಲ್ಲಿ ಎಚ್ಚರಿಸಿತು. ಬೇರೆ ಆಯ್ಕೆ ಇಲ್ಲದಾಗ ಮಾತ್ರ, ವೈದ್ಯರು ತಿಳಿದು ಕೊಟ್ಟರೆ ಸರಿ.

ನಡಿಗೆ, ನಿಧಾನದ ಸೈಕಲ್, ಈಜು ಒಳ್ಳೆಯದು. ಕೆಲಸ ಮಾಡುತ್ತಲೇ ಮಾತಾಡಲು ಆಗುತ್ತಿದ್ದರೆ ಮಿತಿಯಲ್ಲಿದ್ದೀರಿ. 25 ಕೆಜಿ ಅಕ್ಕಿ ಮೂಟೆ ಎತ್ತುವುದು, ಜಿಮ್ಮಿನಲ್ಲಿ ಭಾರ, ಕುಸ್ತಿ, ಕಬಡ್ಡಿ, ಉಸಿರು ಬಿಗಿಹಿಡಿದು ಮಾಡುವ ಯೋಗ ಬೇಡ. ತಿಣುಕುವಾಗ ಬಿಪಿ ಒಂದೆರಡು ಕ್ಷಣ ಎಲ್ಲಿಗೋ ಜಿಗಿಯುತ್ತದೆ. ಮಲಬದ್ಧತೆಗೆ ಚಿಕಿತ್ಸೆ ತೆಗೆದುಕೊಳ್ಳಿ, ಕಾರಣ ಅದೇ.

ಬಸಿರಿಗೆ ಮುಂಚೆ ಎಕೋ ಆಗಲೇಬೇಕು. ಮಾರ್ಫಾನ್‌ನಲ್ಲಿ 4.5 ದಾಟಿದ್ದರೆ ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಗರ್ಭ. ಲೊಸಾರ್ಟನ್ ಮಗುವಿನ ಕಿಡ್ನಿಗೆ ಹಾನಿಕರ, ಗರ್ಭಕ್ಕೆ ಮುಂಚೆಯೇ ಬದಲಿಸಬೇಕು. ಕೊನೆಯ ಮೂರು ತಿಂಗಳು ಮತ್ತು ಬಾಣಂತನದ ಮೊದಲ ವಾರಗಳು ಹೆಚ್ಚು ಅಪಾಯದವು. ಹೆರಿಗೆಯ ನಂತರ ರಕ್ತಸ್ರಾವ ತಡೆಯಲು ಕೊಡುವ ಮೀಥೈಲ್‌ಎರ್ಗೋಮೆಟ್ರಿನ್ ಬಿಪಿ ಏರಿಸುತ್ತದೆ, ಅದು ಬೇಡ ಎಂದು ಕೇಸ್ ಶೀಟಿನ ಮೇಲೆ ಮೊದಲೇ ಬರೆಸಿ.

ಜೇಬಿನ ಚೀಟಿ

ಪರ್ಸಿನಲ್ಲಿ ಒಂದು ಚೀಟಿ ಇರಲಿ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಕಾಯಿಲೆ ಮತ್ತು ಜೀನಿನ ಹೆಸರು, ಕೊನೆಯ ಅಳತೆ ಮತ್ತು ದಿನಾಂಕ, ತೆಗೆದುಕೊಳ್ಳುವ ಮಾತ್ರೆ, ಮತ್ತು ಈ ಸಾಲು: "ಹಠಾತ್ ಎದೆ ಅಥವಾ ಬೆನ್ನು ನೋವು ಬಂದರೆ ಮಹಾಪಧಮನಿ ಸೀಳಿಲ್ಲ ಎಂದು ಸಿಟಿ ಅಯೋರ್ಟೋಗ್ರಾಂನಲ್ಲಿ ಖಚಿತವಾಗುವ ತನಕ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬೇಡಿ." ಈ ಸಾಲಿಗೆ ಕಾರಣವಿದೆ. ಸೀಳು ಹೃದಯದ ನಾಳದ ಬಾಯಿಗೆ ತಲುಪಿದರೆ ಇಸಿಜಿ ಥೇಟ್ ಹಾರ್ಟ್ ಅಟ್ಯಾಕ್ ಹಾಗೇ ಕಾಣುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಒಳ್ಳೆಯ ಮನಸ್ಸಿನಿಂದಲೇ ಆ ಚುಚ್ಚುಮದ್ದು ಕೊಟ್ಟುಬಿಡುತ್ತಾರೆ. ಸೀಳಿದ ನಾಳಕ್ಕೆ ಅದು ಪ್ರಾಣಾಂತಿಕ.

ನೋವಿನ ಗುರುತು: ಶುರುವಾದ ಕ್ಷಣದಲ್ಲೇ ಪರಮಾವಧಿ, ಎದೆಯಿಂದ ಬೆನ್ನಿನ ರೆಕ್ಕೆಗಳ ನಡುವೆ, ಆಮೇಲೆ ಕೆಳಕ್ಕೆ ಇಳಿಯುತ್ತದೆ. ಎರಡೂ ಕೈಯಲ್ಲಿ ಬಿಪಿ ನೋಡಿಸಿ. ಮೇಲಿನ ಅಂಕಿಯಲ್ಲಿ 20ಕ್ಕಿಂತ ಹೆಚ್ಚು ವ್ಯತ್ಯಾಸ, ಒಂದು ಕಾಲು ಮರಗಟ್ಟುವುದು, ತಲೆಸುತ್ತಿ ಬೀಳುವುದು ಅನುಮಾನವನ್ನು ಗಟ್ಟಿ ಮಾಡುತ್ತವೆ. ಏರುಭಾಗ ಸೀಳಿದಾಗ ಚಿಕಿತ್ಸೆಯಿಲ್ಲದೆ ಕಳೆಯುವ ಮೊದಲ ಎರಡು ದಿನಗಳಲ್ಲಿ ಸಾವಿನ ಪ್ರಮಾಣ ಗಂಟೆಗೆ ನೂರಕ್ಕೆ ಒಂದೆರಡರಂತೆ ಏರುತ್ತದೆ. ನಿಮ್ಮ ಊರಿಂದ ಸಿಟಿ ಯಂತ್ರವೂ ತೆರೆದ ಎದೆಯ ಶಸ್ತ್ರಚಿಕಿತ್ಸೆಯೂ ಎರಡೂ ಇರುವ ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ಕಿಲೋಮೀಟರ್ ಎಂದು ಇವತ್ತೇ ವಿಚಾರಿಸಿ, ಅದರ ನಂಬರನ್ನು 108ರ ಕೆಳಗೆ ಅದೇ ಚೀಟಿಯಲ್ಲಿ ಬರೆಯಿರಿ.